ವೀಳ್ಯದ ಶಾಸ್ತ್ರಕ್ಕೆ ಕಾರು ಕಟ್ಟಿಕೊಂಡು ಹೋದದ್ದು

ನನ್ನ ಹೆಂಡತಿ ಕದಿರಮ್ಮ ನನ್ನ ಕಾರನ್ನು ಒಂದು ದಿನವಾದರೂ ಕಾರು ಎಂದು ಕರೆದವಳಲ್ಲ. ‘ನಿಮ್ದು’ ಎನ್ನುತ್ತಾಳೆ, ಅಷ್ಟೇ. ನಿಮ್ದು ಇವತ್ತು ಎದ್ದೈತಾ, ನಿಮ್ದಕ್ಕೆ ನೀರು ಕುಡಿಸಿದ್ರಾ, ನಿಮ್ದು ಮತ್ತೆ ಅಂಗಳದಲ್ಲಿ ಎಣ್ಣೆ ಸುರಿಸೈತೆ ನೋಡ್ಬನ್ನಿ, ಹೀಗೆ. (ಬೀದಿಯಲ್ಲಿ ಹೋಗುವವರು ಕೇಳಿದರೆ ಈ ನರಸಿಂಹಪ್ಪ ಮನೆಯಲ್ಲಿ ಯಾವುದೋ ಕಾಯಿಲೆ ಎಮ್ಮೆ ಸಾಕಿದ್ದಾನೆ ಎಂದುಕೊಳ್ಳಬೇಕು.)

ಅವಳ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ನಮ್ಮ ಜಂಗಮಕೋಟೆಯಲ್ಲಿ ರೇಷ್ಮೆ ಹುಳು ಸಾಕದ ಮನೆ ಹುಡುಕಿದರೂ ಸಿಗುವುದು ಕಷ್ಟ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು, ಆ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಲು ಗಾಳಿಯಾಡುವ ಜಾಗ ಬೇಕು. ನಮ್ಮ ಮನೆಯ ಪಕ್ಕದ ಕೊಟ್ಟಿಗೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದರಲ್ಲಿ ನಾನು ಕಾರು ನಿಲ್ಲಿಸಿದ್ದೆ. ಬೆಂಗಳೂರು ದಂಡಿನಲ್ಲಿ ರಿಟೈರಾದ ಡಾಕ್ಟರೊಬ್ಬರಿಂದ ಕೊಂಡ ಹಳೆಯ ಇಂಗ್ಲಿಷ್ ಕಾರು ಅದು. ಪೆಟ್ರೋಲು ವಾಸನೆಗೆ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತವೆ ಎಂದು ಕದಿರಮ್ಮನ ದೂರು. ನನ್ನ ಬೀಡಿ ವಾಸನೆಗೂ ಸೊಪ್ಪು ಬಿಡುತ್ತವೆ ಎಂದು ಹಿಂದೆಯೇ ದೂರಿ, ನನ್ನ ಬೀಡಿ ಬಿಡಿಸಿದ್ದಳು. ಹುಳುಗಳ ಹೆಸರಿನಲ್ಲಿ ಇವಳು ಇನ್ನೂ ಏನೇನು ಬಿಡಿಸುತ್ತಾಳೋ ಎಂದು ನಾನು ಈ ಸಲ ಗಟ್ಟಿಯಾಗಿ ನಿಂತಿದ್ದೆ.

ಹೀಗಿರುವಾಗ ನಮ್ಮ ಮಗಳು ಅಮ್ಮಾಜಿಗೆ ಮೇಲೂರಿನಿಂದ ಸಂಬಂಧ ಕೂಡಿಬಂತು. ಹುಡುಗನ ಹೆಸರು ಚನ್ನಕೇಶವ, ರಸ್ತೆ ಇಲಾಖೆಯಲ್ಲಿ ಓವರ್ಸಿಯರ್. ಅವರ ಕಡೆಯವರು ಬಂದು ಹುಡುಗಿಯನ್ನು ನೋಡಿಕೊಂಡು ಹೋದರು. ಅದುವರೆಗೆ ಬಂದ ಗಂಡುಗಳಿಗೆಲ್ಲ ಮೂತಿ ಸೊಟ್ಟ ಮಾಡುತ್ತಿದ್ದ ಅಮ್ಮಾಜಿ ಅವತ್ತು ಸಂಜೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತ ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳಂತೆ. ಸೊಪ್ಪು ಸಣ್ಣಗೆ ಹೆಚ್ಚುತ್ತಿದ್ದಾಳೆ ಎಂದಷ್ಟೇ ನನಗೆ ಕಂಡಿತ್ತು. ಕದಿರಮ್ಮ ಆ ಹಾಡು ಕೇಳಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದಳು. ಈ ಸಂಬಂಧ ತಪ್ಪಿದರೆ ಹುಡುಗಿಯ ಮುಖ ನೋಡಲು ನಮ್ಮಿಬ್ಬರಿಗೂ ಆಗುವುದಿಲ್ಲ ಎಂದು ಅವತ್ತೇ ಗೊತ್ತಾಯಿತು.

ಇನ್ನು ನಾವು ಹೋಗಿ ಅವರ ಮನೆ ನೋಡಿ, ವೀಳ್ಯ ಬದಲಾಯಿಸಿ ಬಂದರೆ ಮಾತು ಖಾಯಂ ಆಗುತ್ತದೆ. ನಮ್ಮ ಕಡೆ ಈ ವೀಳ್ಯ ಎಂದರೆ ಹುಡುಗಾಟವಲ್ಲ. ತಟ್ಟೆಯಲ್ಲಿ ಎಲೆ, ಗೋಟಡಿಕೆ, ಕಾಯಿ, ಹಣ್ಣು ಇಟ್ಟು ಅವರು ನಮಗೆ, ನಾವು ಅವರಿಗೆ ಕೊಡಬೇಕು. ಒಮ್ಮೆ ಕೈ ಬದಲಾದ ಮೇಲೆ ಆ ತಟ್ಟೆಯಿಂದ ಒಂದು ಅಡಿಕೆ ಚೂರನ್ನೂ ವಾಪಸ್ ಕೇಳುವ ಹಾಗಿಲ್ಲ, ವಾಪಸ್ ಕೊಡುವ ಹಾಗೂ ಇಲ್ಲ. ಸಂಬಂಧ ಬೇಡ ಅನ್ನುವವರು ಜಗಳ ಆಡುವುದಿಲ್ಲ, ‘ನಮ್ಮ ವೀಳ್ಯ ನಮಗೆ ಕೊಡಿ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನನ್ನ ದೊಡ್ಡಪ್ಪನ ಮಗನೊಬ್ಬ ತಾನು ಕೊಟ್ಟ ತಟ್ಟೆಯ ಬಾಳೆಹಣ್ಣು ಚೆನ್ನಾಗಿದೆಯೆಂದು ಒಂದನ್ನು ಕಿತ್ತುಕೊಂಡು ತಿಂದು, ಮದುವೆ ಮುರಿದುಕೊಂಡು, ವಯಸ್ಸು ಮೀರಿದ ಮೇಲೆ ಚಿಂತಾಮಣಿಯ ಕಡೆಯಿಂದ ಹೆಣ್ಣು ತಂದ.

ನನ್ನ ತಲೆಗೆ ಒಂದು ಭರ್ಜರಿ ಯೋಚನೆ ಹೊಳೆದದ್ದು ಆಗಲೇ. ಹುಡುಗ ಸರ್ಕಾರಿ ಜೀಪಿನಲ್ಲಿ ಓಡಾಡುವವನು. ಹೆಣ್ಣಿನ ತಂದೆಯಾದ ನಾನು ಬಸ್ಸಿನಲ್ಲಿ ಗೂಡಿನ ಮೂಟೆಗಳ ಮಧ್ಯೆ ಕೂತು ಹೋಗಿ ಇಳಿಯುವುದೆಂದರೇನು! ಕಾರು ಬೀಗರ ಬಾಗಿಲಲ್ಲಿ ನಿಲ್ಲಬೇಕು, ಊರು ನೋಡಬೇಕು. ಕದಿರಮ್ಮ ಬಸ್ಸೇ ಸರಿ ಎಂದಳು. ನಾನು ಒಪ್ಪಲಿಲ್ಲ. ಶಾಸ್ತ್ರಕ್ಕೆ ಸೋದರಮಾವನಾಗಿ ಬರಬೇಕಿದ್ದ ಅವಳ ತಮ್ಮ ಎರ್ರಪ್ಪನೂ ಬಸ್ಸೇ ಸರಿ ಎಂದ. ಅವನ ಮಾತು ಕೇಳುವ ಕಾಲ ಇನ್ನೂ ಬಂದಿಲ್ಲ ಎಂದು ನಾನು ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ.

‘ನೋಡಿ, ಒಂದೇ ಮಾತು ಹೇಳ್ತೀನಿ,’ ಎಂದಳು ಕದಿರಮ್ಮ, ಸೆರಗು ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತ. ‘ನಿಮ್ದರಿಂದ ಏನಾನ ಈ ಸಂಬಂಧಕ್ಕೆ ತೊಂದ್ರೆ ಆಯ್ತೋ, ನಾನು ನಮ್ಮಮ್ಮನ ಮನೇಲಿ ಇರ್ತೀನಿ. ನೀವು ನಿಮ್ದರ ಜೊತೆ ಕೊಟ್ಟಿಗೇಲಿ ಇರಿ.’

ಅರ್ಧ ದಾರಿಯವರೆಗೆ ಮಹಾರಾಜನ ಸವಾರಿ. ಹೊಲಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು. ನಾನು ಹಾರ್ನ್ ಒತ್ತುತ್ತಿದ್ದೆ. ಅಷ್ಟರಲ್ಲಿ ಮುಂದೆ ಎಲ್ಲೋ ಪಟ್ ಅಂದಿತು. ಸ್ಟೇರಿಂಗಿನ ಮುಂದೆ ಒಂದು ಪುಟ್ಟ ಕೆಂಪು ದೀಪ ಹತ್ತಿಕೊಂಡಿತು. ಅದೇನದು ಎಂದು ಕದಿರಮ್ಮ ಕೇಳಿದಳು. ನನಗೂ ಗೊತ್ತಿರಲಿಲ್ಲ, ಆದರೆ ಡ್ರೈವರಾದವನು ಗೊತ್ತಿಲ್ಲ ಎನ್ನಬಾರದು. ಶುಭಕಾರ್ಯಕ್ಕೆ ಹೋಗುವಾಗ ದೀಪ ಹತ್ತಿದರೆ ಒಳ್ಳೆಯದೇ ಅಲ್ಲವೇ ಎಂದು ಸಮಾಧಾನ ಹೇಳಿ ಇನ್ನೂ ಜೋರಾಗಿ ಹೊಡೆದೆ.

ಮೇಲೂರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಕಾರಿನ ಮೂತಿಯಿಂದ ಹೊಗೆ ಎದ್ದಿತು. ಇಳಿದು ಬಾನೆಟ್ಟು ಎತ್ತಿದರೆ ಹೊಗೆಯಲ್ಲ, ಹಬೆ. ನೀರು ತಳಪಳ ಕುದಿಯುತ್ತಿತ್ತು. ಫ್ಯಾನು ತಿರುಗಿಸುವ ಬೆಲ್ಟು ಹರಿದು ತುಂಡಾಗಿ ಕೆಳಗೆ ನೇತಾಡುತ್ತಿತ್ತು. ಆ ಬೆಲ್ಟೇ ಫ್ಯಾನನ್ನೂ ನೀರಿನ ಪಂಪನ್ನೂ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋವನ್ನೂ ತಿರುಗಿಸುವುದು. ಕೆಂಪು ದೀಪ ಹೇಳುತ್ತಿದ್ದದ್ದು ಅದನ್ನೇ. ಎರ್ರಪ್ಪ ಇಣುಕಿ ನೋಡಿ, ಗೂಡು ಬೇಯಿಸಿ ನೂಲು ತೆಗೆಯುವ ಒಲೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಭಾವ, ನೂಲು ಒಂದು ಬರ್ತಾ ಇಲ್ಲ ಅಷ್ಟೇ ಎಂದ.  ಅವನು ಪಂಚೆಗೆ ಬಿಗಿದಿದ್ದ ಸೊಂಟದ ಹಗ್ಗ ಕೇಳಿ ಬೆಲ್ಟಿನ ಜಾಗಕ್ಕೆ ಬಿಗಿದು ನೋಡಿದೆ. ಹಗ್ಗ ಒಂದು ಸುತ್ತು ತಿರುಗಿ, ಸುಟ್ಟ ವಾಸನೆ ಹೊರಡಿಸಿ, ಎರಡಾಯಿತು. ಎರ್ರಪ್ಪ ಅಂದು ಇಡೀ ದಿನ ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡೇ ಓಡಾಡಿದ.

ಗಳಿಗೆ ಮೀರುತ್ತದೆ, ನಿಮ್ದು ಇಲ್ಲೇ ಇರಲಿ, ನಡೆದುಕೊಂಡೇ ಹೋಗೋಣ ಎಂದು ಕದಿರಮ್ಮ ಹೊರಟು ನಿಂತಳು. ನನಗೆ ಕಾರು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆದರೆ ದಂಡಿನ ಡಾಕ್ಟರು ನನಗೊಂದು ವಿದ್ಯೆ ಕಲಿಸಿದ್ದರು. ಇಂಜಿನ್ನಿನ ಪಕ್ಕದಲ್ಲಿ ಒಂದು ಕರಿ ಮುಚ್ಚಳವಿದೆ. ಅದನ್ನು ತೆಗೆದರೆ ಒಳಗೆ ರೋಟರ್ ಎಂಬ ಪುಟ್ಟ ಬಿಲ್ಲೆ. ಗೋಟಡಿಕೆಯ ಗಾತ್ರ, ಗೋಟಡಿಕೆಯ ಕಂದು ಬಣ್ಣ, ತಲೆಯ ಮೇಲೆ ಮಾತ್ರ ಒಂದು ಹಿತ್ತಾಳೆ ಪಟ್ಟಿ. ಪ್ಲಗ್ಗುಗಳಿಗೆ ಕಿಡಿ ಹಂಚುವುದು ಅದರ ಕೆಲಸ. ಅದನ್ನು ಕಿತ್ತುಕೊಂಡು ಹೋದರೆ ಕಾರು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗದು, ಕಳ್ಳರ ಭಯವಿಲ್ಲ. ನಾನು ಮುಚ್ಚಳ ತೆಗೆದು ರೋಟರ್ ಕಿತ್ತು, ಮುಚ್ಚಳವನ್ನು ಮತ್ತೆ ಭದ್ರವಾಗಿ ಹಾಕಿದೆ.

‘ಬೆಲ್ಟು ಹರಿದು, ನೀರು ಕುದಿದು ಬಿದ್ದಿರೋದನ್ನ ಯಾವ ಕಳ್ಳ ಹೊತ್ಕೊಂಡು ಹೋಗ್ತಾನ್ರೀ?’ ಎಂದಳು ಕದಿರಮ್ಮ.

‘ನಿಂಗೆ ಇದೆಲ್ಲ ತಿಳಿಯಲ್ಲ, ನಡಿಯೇ ಸುಮ್ನೆ,’ ಎಂದೆ.

ನನ್ನ ಜುಬ್ಬದ ಜೇಬು ತೂತು. (ಅದನ್ನು ಹೊಲಿ ಎಂದು ಯುಗಾದಿಯಿಂದ ಹೇಳುತ್ತಿದ್ದೇನೆ.) ಅದಕ್ಕೇ ರೋಟರನ್ನು ಕದಿರಮ್ಮನ ಬಟ್ಟೆ ಚೀಲದೊಳಗೆ, ವೀಳ್ಯಕ್ಕೆಂದು ತಂದಿದ್ದ ಗೋಟಡಿಕೆಗಳ ಜೊತೆ ಹಾಕಿದೆ. ಈ ಮಾತನ್ನು ನೀವಾದರೂ ನೆನಪಿಟ್ಟುಕೊಂಡಿರಿ. ನಾನು ಇಟ್ಟುಕೊಳ್ಳಲಿಲ್ಲ.

ಬೀಗರು ವೆಂಕಟರವಣಪ್ಪನವರದು ತುಂಬಿದ ಮನೆ. ಅವರೂ ಅವರ ಹೆಂಡತಿ ಗಂಗುಲಮ್ಮನವರೂ ನಾವು ಬೆವರುತ್ತ ನಡೆದು ಬಂದದ್ದನ್ನು ಕಂಡು ಗಾಬರಿಯಾಗಿ ಕಾಲಿಗೆ ನೀರು, ಕೈಗೆ ಪಾನಕ ಕೊಟ್ಟರು. ನಾನು ಕೂತವನೇ ಕಾರಿನ ವಿಷಯ ತೆಗೆದೆ. ನಡೆದು ಬಂದವರು ಎಂದು ತಪ್ಪು ತಿಳಿಯಬಾರದಲ್ಲ! ಫ್ಯಾನು ಎಲ್ಲಿರುತ್ತದೆ, ಬೆಲ್ಟು ಹೇಗೆ ಸುತ್ತುತ್ತದೆ ಎಂದು ಪಾನಕದ ನೀರಿನಲ್ಲಿ ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ನಾನು ಹೀಗೆ ಯಂತ್ರಶಾಸ್ತ್ರ ಬೋಧಿಸುತ್ತಿರುವಾಗಲೇ ಅತ್ತ ಎರ್ರಪ್ಪ ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೀಲ ಬೋರಲು ಹಾಕಿ ಅಡಿಕೆಗಳನ್ನೆಲ್ಲ ತಟ್ಟೆಗೆ ಸುರಿದನಂತೆ. ಪುರೋಹಿತರು ಕರೆದರು. ತಟ್ಟೆ ಕೈಗೆ ಬಂತು. ನಾನು ಬೀಗರಿಗೆ ಕೊಟ್ಟೆ, ಬೀಗರು ನನಗೆ ಕೊಟ್ಟರು. ಹುಡುಗ ಬಂದು ಕಾಲಿಗೆ ಬಿದ್ದ. ಲಕ್ಷಣವಾಗಿದ್ದ, ತಲೆ ತಗ್ಗಿಸಿಕೊಂಡು ಮಾತಾಡುತ್ತಿದ್ದ. ನನಗೆ ನಿಜವಾಗಿ ಮನಸ್ಸು ತುಂಬಿ ಬಂತು. ನಮಗೇನೂ ಬೇಡ, ಹುಡುಗಿಯನ್ನು ಒಳ್ಳೆ ಮನಸ್ಸಿನಿಂದ ಕಳಿಸಿಕೊಡಿ ಸಾಕು ಎಂದು ವೆಂಕಟರವಣಪ್ಪನವರು ಎಲ್ಲರೆದುರು ಹೇಳಿದರು. ಗಂಗುಲಮ್ಮನವರು ನಾವು ಕೊಟ್ಟ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ದೇವರ ಮನೆಗೆ ಒಯ್ದರು.

ಒಬ್ಬಟ್ಟಿನ ಊಟ ಮುಗಿಯುತ್ತಿದ್ದಂತೆ ಎಲ್ಲೋ ಮೋರಿ ಕುಸಿದಿದೆ ಎಂದು ಜೀಪು ಬಂದು ಹುಡುಗನನ್ನು ಕರೆದುಕೊಂಡು ಹೋಯಿತು. ನಾನು ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ಅಲ್ಲಿ ಬಸ್ಸು, ಲಾರಿಗಳಿಗೆ ಬೇಕಾಗುವ ಬೆಲ್ಟು ಸಿಗುತ್ತದೆ, ಅದಕ್ಕಿಂತ ನಾಜೂಕಿನ ಸಾಮಾನಿಗೆ ಬೆಂಗಳೂರೇ ಗತಿ. ಅಂಗಡಿಯಲ್ಲಿ ಹರಿದ ಬೆಲ್ಟು ತೋರಿಸಿ ಅಳತೆಗೆ ಹೊಂದುವ ಹೊಸದನ್ನು ಕೊಂಡು, ಕಳೆದುಹೋಗದಿರಲೆಂದು ಕೊರಳಿಗೆ ಹಾಕಿಕೊಂಡು ವಾಪಸ್ ಬಂದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಮುದುಕಿ, ಇದು ಯಾವ ದೇವರ ಹರಕೆ ಅಪ್ಪ ಎಂದು ಕೇಳಿದಳು.

ನಾನು ಬರುವಷ್ಟರಲ್ಲಿ ಊರವರು ಕಾರನ್ನು ತಳ್ಳಿಕೊಂಡು ಬಂದು ಬೀಗರ ಬಾಗಿಲಲ್ಲೇ ನಿಲ್ಲಿಸಿದ್ದರು. ನನ್ನ ಆಸೆ ಒಂದು ರೀತಿಯಲ್ಲಿ ನೆರವೇರಿತ್ತು. ಮೈ ಕೈ ಎಲ್ಲ ಮಸಿ ಮಾಡಿಕೊಂಡು ಬೆಲ್ಟು ಹಾಕಿದೆ, ನೀರು ತುಂಬಿದೆ, ಜನ ನೋಡುತ್ತಿದ್ದಾರೆಂದು ಜುಬ್ಬ ಸರಿಮಾಡಿಕೊಂಡು ಕೂತು ಸ್ಟಾರ್ಟರ್ ಗುಂಡಿ ಎಳೆದೆ. ಕೆರ್ ಕೆರ್ ಕೆರ್ ಅಂದಿತು. ಹತ್ತಲಿಲ್ಲ. ಮತ್ತೆ ಎಳೆದೆ. ಕೆರ್... ಎಂದು ಬ್ಯಾಟರಿಯೂ ಮಲಗಿತು.

ಅಲ್ಲಿಂದ ಶುರುವಾಯಿತು ನೋಡಿ. ಹ್ಯಾಂಡಲ್ ಹಾಕಿ ತಿರುಗಿಸಿದೆ, ಅದು ಜಾರಿ ನನ್ನ ಮೊಣಕೈ ಊದಿಸಿತು. ಪೆಟ್ರೋಲು ಬರುತ್ತಿಲ್ಲವೇನೋ ಎಂದು ಪೈಪು ಕಿತ್ತು ಊದಿದೆ, ಬರುತ್ತಿತ್ತು, ನೇರ ಬಾಯಿಗೇ ಬಂತು. ಪ್ಲಗ್ಗುಗಳನ್ನು ಬಿಚ್ಚಿ ಗಂಗುಲಮ್ಮನವರ ಒಲೆಯ ಬೂದಿಯಲ್ಲಿ ತಿಕ್ಕಿ ತೊಳೆದೆ. ಊರವರು ಕೆರೆ ಏರಿಯ ಇಳಿಜಾರಿನಲ್ಲಿ ತಳ್ಳಿದರು, ಮತ್ತೆ ತಳ್ಳಿಕೊಂಡು ಮೇಲೆ ತಂದರು. ಒಬ್ಬರು ಇಂಜಿನ್ನಿಗೆ ಶೀತವಾಗಿದೆ ಎಂದರೆ ಇನ್ನೊಬ್ಬರು ಉಷ್ಣವಾಗಿದೆ ಎಂದರು. ದೃಷ್ಟಿಯಾಗಿದೆ ಎಂಬ ವಿಷಯದಲ್ಲಿ ಮಾತ್ರ ಎಲ್ಲರೂ ಒಮ್ಮತಕ್ಕೆ ಬಂದರು. ಗಂಗುಲಮ್ಮನವರು ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ಇಡೀ ಬೀದಿ ಕೆಮ್ಮಿತು, ಕಾರು ಒಂದು ಕೆಮ್ಮಲಿಲ್ಲ. ಬಿಚ್ಚಬಹುದಾದದ್ದನ್ನೆಲ್ಲ ನಾನು ಬಿಚ್ಚಿ ನೋಡಿದೆ. ಆ ಕರಿ ಮುಚ್ಚಳ ಒಂದನ್ನು ಬಿಟ್ಟು. ಅದನ್ನು ನಾನೇ ನನ್ನ ಕೈಯಾರೆ ಭದ್ರವಾಗಿ ಹಾಕಿದ್ದೆನಲ್ಲ, ನನ್ನ ಕೆಲಸವನ್ನು ನಾನೇ ಅನುಮಾನಿಸುವುದು ಹೇಗೆ?

ಹೊತ್ತು ಇಳಿಯುತ್ತಿತ್ತು. ಅದುವರೆಗೆ ಜಗಲಿಯ ಮೇಲೆ ಕೂತು ಮಜಾ ನೋಡುತ್ತಿದ್ದ ಎರ್ರಪ್ಪ ಪಂಚೆ ಹಿಡಿದುಕೊಂಡು ಹತ್ತಿರ ಬಂದ.

‘ಭಾವ, ಬೆಳಿಗ್ಗೆ ಅದ್ಯಾತರದೋ ಬಿಲ್ಲೆ ಕಿತ್ಕೊಂಡ್ರಲ್ಲ, ಅದನ್ನ ವಾಪಸ್ ಹಾಕಿದ್ರಾ?’

 ನನ್ನ ಕೈ ತಾನಾಗಿ ಜೇಬಿಗೆ ಹೋಗಿ ತೂತಿನಿಂದ ಆಚೆ ಬಂತು. ಆಮೇಲೆ ಚೀಲದ ನೆನಪಾಯಿತು. ಚೀಲ ತೆಗೆದು ನೋಡಿದರೆ ಅದರಲ್ಲಿ ಬೀಗರು ಕೊಟ್ಟ ಎಲೆ, ಬೀಗರು ಕೊಟ್ಟ ಅಡಿಕೆ. ನಮ್ಮ ಅಡಿಕೆಗಳೋ, ನಮ್ಮ ಅಡಿಕೆಗಳ ಜೊತೆ ಇದ್ದದ್ದೋ, ದೇವರ ಮನೆಯಲ್ಲಿ ತಟ್ಟೆಯ ಮೇಲೆ ಕೂತಿದ್ದವು.

ಕದಿರಮ್ಮನನ್ನು ಹಿತ್ತಲಿಗೆ ಕರೆದು ಪಿಸುಮಾತಿನಲ್ಲಿ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಧೈರ್ಯ ಬರುತ್ತಿತ್ತು. 

‘ವೀಳ್ಯದ ತಟ್ಟೆಯಿಂದ ವಾಪಸ್ ಕೇಳ್ತೀರಾ? ಅಮ್ಮಾಜಿಗೆ ಹೋಗಿ ಏನಂತ ಹೇಳ್ಲಿ ನಾನು?’ ಎಂದಳು. ‘ನಿಮ್ದು ಇಲ್ಲೇ ಕೊಳೀಲಿ. ಬಾಯಿ ಬಿಟ್ಟೀರಿ, ಹುಷಾರು.’

ಬಾಯಿ ಬಿಡದೆ ಕೆಲಸ ಸಾಧಿಸಬಹುದು ಎಂದು ನನಗೆ ತೋರಿತು. (ಇದು ಆ ದಿನದ ಎರಡನೆಯ ಭರ್ಜರಿ ಯೋಚನೆ.) ಒಳಗೆ ಹೋಗಿ, ಬಾಯಿ ಯಾಕೋ ಸಪ್ಪೆಯಾಗಿದೆ, ಒಂದು ಅಡಿಕೆ ಸಿಕ್ಕಿದ್ದರೆ ಎಂದು ಗಂಗುಲಮ್ಮನವರನ್ನು ಕೇಳಿದೆ. ಅವರು ಅಡಿಕೆ ಚೂರಿನ ಡಬ್ಬಿ ತಂದರು. ಚೂರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಇಡೀ ಅಡಿಕೆ ಬೇಕು ಎಂದೆ. ಆ ತಾಯಿ ಪಾಪ, ಅಟ್ಟ ಹತ್ತಿ ಒಂದು ಬೊಗಸೆ ಗೋಟಡಿಕೆ ತಂದರು. ಇಷ್ಟು ದೊಡ್ಡದಲ್ಲ, ಸ್ವಲ್ಪ ಬೇರೆ ಥರದ್ದು ಎನ್ನುತ್ತ ನಾನು ದೇವರ ಮನೆಯ ಕಡೆ ಕತ್ತು ಚಾಚಿದೆ. ಗಂಗುಲಮ್ಮನವರು ಒಂದು ಗಳಿಗೆ ನನ್ನನ್ನೇ ನೋಡಿ, ಬೀಗರಿಗೆ ಬಿಸಿಲು ತಲೆಗೆ ಏರಿದೆ, ಮಜ್ಜಿಗೆ ಕೊಡಿ ಎಂದು ಕೂಗಿ ಹೇಳಿದರು. ನಾನು ಮಜ್ಜಿಗೆ ಕುಡಿದು ಹೊರಗೆ ಬಂದೆ.

ಕಾರು ಇಲ್ಲೇ ಇರಲಿ, ಬೆಂಗಳೂರಿನಿಂದ ಮೆಕ್ಯಾನಿಕ್ ಕರೆಸುತ್ತೇನೆ, ನಾವು ಬಸ್ಸಿಗೆ ಹೊರಡುತ್ತೇವೆ ಎಂದು ನಾನು ಬೀಗರಿಗೆ ಹೇಳುತ್ತಿರುವಾಗಲೇ ಜೀಪು ಬಂತು. ಚನ್ನಕೇಶವ ಇಳಿದು, ಕಾರನ್ನೂ ನನ್ನ ಮಸಿ ಮುಖವನ್ನೂ ನೋಡಿ ಒಳಗೆ ಹೋದ. ದೀಪ ಹಚ್ಚುವ ಹೊತ್ತು. ಒಳಗೆ ತಾಯಿ ಮಗನ ಮಧ್ಯೆ ಏನೋ ಗುಸುಗುಸು ನಡೆಯಿತು. ಆಮೇಲೆ ವೆಂಕಟರವಣಪ್ಪನವರನ್ನು ಒಳಗೆ ಕರೆದರು. ಅವರು ಹೊರಗೆ ಬಂದಾಗ ಅಂಗೈಯಲ್ಲಿ ಒಂದು ವೀಳ್ಯದೆಲೆ, ಎಲೆಯ ಮೇಲೆ ನನ್ನ ರೋಟರು. ಅದರ ಹಿತ್ತಾಳೆ ಪಟ್ಟಿಗೆ ಯಾರೋ ಅರಿಸಿನ ಕುಂಕುಮ ಇಟ್ಟಿದ್ದರು.

ನನಗೆ ಹೋದ ಜೀವ ಬಂದಂತಾಯಿತು. ಕೇಳದೆಯೇ ಕೊಡುತ್ತಿದ್ದಾರಲ್ಲ ಎಂದು ಎರಡು ಕೈ ಚಾಚಿದೆ. ವೆಂಕಟರವಣಪ್ಪನವರು ರೋಟರನ್ನು ಕೊಡಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಕೈಗಳನ್ನೇ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿದ್ದವು.

‘ಬೀಗ್ರೇ, ನಾವು ಏನೂ ಕೇಳಿರ್ಲಿಲ್ಲ. ಕೇಳೋ ಮನೆತನ ನಮ್ದಲ್ಲ,’ ಎಂದರು. ‘ಇವ್ಳು ದೀಪ ಹಚ್ಚೋಕೆ ಹೋದಾಗ ತಟ್ಟೇಲಿ ಇದನ್ನ ನೋಡಿ ಮಗನ್ನ ಕೇಳಿದ್ಲು. ಇದು ಕಾರಿನ ಜೀವ, ಇದಿಲ್ದೆ ಕಾರಿಲ್ಲ ಅಂದ. ಕಾರು ಕೊಡ್ತೀನಿ ಅಂತ ಬಾಯಲ್ಲಿ ಹೇಳಿದ್ರೆ ದೊಡ್ಡಸ್ತಿಕೆ ಅಂತಾರೆ ಅಂತ, ಯಾರಿಗೂ ಹೇಳ್ದೆ ವೀಳ್ಯದಲ್ಲಿ ಇಟ್ಟು ಕೊಟ್ಬಿಟ್ರಲ್ಲ ನೀವು! ಸಾಯಂಕಾಲದ ತನ್ಕ ಸುಮ್ನೆ ರಿಪೇರಿ ಮಾಡೋ ಹಂಗೆ ನಟಿಸ್ತಾನೂ ಇದ್ರಿ. ಇಂಥ ಮನುಷ್ಯನ್ನ ನಾನು ಕಂಡಿಲ್ಲ.’

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ.

‘ಬೇಡ ಅಂತ ವಾಪಸ್ ಕೊಡಣ ಅಂದ್ರೆ ವೀಳ್ಯದಲ್ಲಿ ಬಂದದ್ದು,’ ಎಂದು ಅವರು ನಿಟ್ಟುಸಿರು ಬಿಟ್ಟರು. ‘ವಾಪಸ್ ಕೊಟ್ರೆ ಸಂಬಂಧ ಬೇಡ ಅಂದಂಗೆ ಆಗ್ತದೆ. ಆ ಮಾತು ನನ್ನ ಬಾಯಲ್ಲಿ ಬರ್ಬಾರ್ದು. ಅದಕ್ಕೇ ಇಟ್ಕೊಂಡಿದೀವಿ.’

ನಾನು ಕದಿರಮ್ಮನ ಕಡೆ ನೋಡಿದೆ. ಹೇಳೇ, ಏನಾದರೂ ಹೇಳೇ ಎಂದು ಕಣ್ಣಿನಲ್ಲೇ ಬೇಡಿದೆ. ಅವಳು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಬಂದಳು.

‘ಇವ್ರು ಮೊದ್ಲಿಂದ್ಲೂ ಹಂಗೇನೇ ಅಣ್ಣ,’ ಎಂದಳು. ‘ಕೊಡೋದನ್ನ ಹೇಳ್ಕೊಳ್ಳೋ ಜಾತಿಯಲ್ಲ.’

ಊರವರು ಭೇಷ್ ಎಂದರು. ಚನ್ನಕೇಶವ ನಾಚಿಕೊಂಡೇ ಕರಿ ಮುಚ್ಚಳ ತೆಗೆದು ರೋಟರು ಕೂರಿಸಿ, ಹ್ಯಾಂಡಲ್ ಒಂದು ಸುತ್ತು ತಿರುಗಿಸಿದ. ಬೆಳಿಗ್ಗೆಯಿಂದ ಸತ್ತು ಬಿದ್ದಿದ್ದ ನನ್ನ ಕಾರು ನನಗೆ ಎಂದೂ ತೋರಿಸದಿದ್ದ ಉತ್ಸಾಹದಿಂದ ಎದ್ದು ನಿಂತಿತು. ನಮ್ಮನ್ನು ಮನೆಗೆ ಬಿಟ್ಟು ಬರುತ್ತೇನೆಂದು ಅವನೇ ಓಡಿಸಿದ. ನಾನು ನನ್ನ ಕಾರಿನಲ್ಲಿ ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತೆ. ಆ ಸೀಟಿನ ಸ್ಪ್ರಿಂಗು ಚುಚ್ಚುತ್ತದೆ ಎಂದು ಕದಿರಮ್ಮ ಹೇಳುತ್ತಿದ್ದದ್ದು ನಿಜ.

ಜಂಗಮಕೋಟೆಯ ಮನೆಯ ಮುಂದೆ ಕಾರು ನಿಂತಾಗ ಅಮ್ಮಾಜಿ ಲಾಟೀನು ಹಿಡಿದು ಬಾಗಿಲಿಗೆ ಬಂದಳು. ಡ್ರೈವರ್ ಸೀಟಿನಲ್ಲಿ ಯಾರಿದ್ದಾರೆಂದು ನೋಡಿ ಲಾಟೀನನ್ನು ಅಲ್ಲೇ ಇಟ್ಟು ಒಳಗೆ ಓಡಿಹೋದಳು. ಹಾಗೆ ಓಡುವಾಗ ಅವಳ ಮುಖ ನನಗೆ ಕಂಡಿತು. ಸುಳ್ಳು ಯಾಕೆ ಹೇಳಲಿ, ಅದನ್ನು ಕಂಡ ಮೇಲೆ ಕಾರು ಹೋದ ಸಂಕಟ ಅರ್ಧ ಇಳಿಯಿತು. ಇಳಿದ ಆ ಅರ್ಧ, ಕದಿರಮ್ಮ ಆ ಲಾಟೀನನ್ನೇ ಎತ್ತಿಕೊಂಡು ನೇರ ಕೊಟ್ಟಿಗೆಗೆ ಹೋಗಿ, ಎಷ್ಟು ಚಂದ್ರಿಕೆ ಹಿಡಿಯುತ್ತದೆ ಎಂದು ಗೇಣು ಹಾಕಿ ಅಳೆಯುವುದನ್ನು ನೋಡಿ ಮತ್ತೆ ಏರಿತು.

ಮದುವೆ ಚೆನ್ನಾಗಿ ಆಯಿತು. ಕೊಟ್ಟಿಗೆಯಲ್ಲಿ ಈಗ ಹುಳು ಹಣ್ಣಾಗಿ ಗೂಡು ಕಟ್ಟುತ್ತವೆ. ಹರಿದ ಹಳೇ ಬೆಲ್ಟು ಮಾತ್ರ ನನಗೆ ಉಳಿದಿತ್ತು, ಅದನ್ನೂ ಕದಿರಮ್ಮ ಕೊಟ್ಟಿಗೆಯ ಬಾಗಿಲಿಗೆ ಬಿಗಿಯಲು ಇಟ್ಟುಕೊಂಡಿದ್ದಾಳೆ. ಕಾರಿಗೆ ಈಗ ಅವಳು ‘ನಮ್ಮ ಅಳಿಯಂದ್ರ ಕಾರು’ ಎನ್ನುತ್ತಾಳೆ.

ಮೊನ್ನೆ ಹಬ್ಬಕ್ಕೆ ಮಗಳು ಅಳಿಯ ಅದರಲ್ಲೇ ಬಂದಿದ್ದರು. ಊಟವಾದ ಮೇಲೆ ಎಲ್ಲರೂ ಮಲಗಿರುವಾಗ ಮೆಲ್ಲಗೆ ಒಂದು ಸುತ್ತು ಹೊಡೆದು ಬರೋಣವೆಂದು ನನಗೆ ಆಸೆಯಾಯಿತು. ಸದ್ದಿಲ್ಲದೆ ಹೋಗಿ ಹ್ಯಾಂಡಲ್ ತಿರುಗಿಸಿದೆ. ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ತೋಳು ಬಿದ್ದುಹೋಯಿತು, ಹತ್ತಲಿಲ್ಲ. ತಲೆ ಎತ್ತಿದರೆ ಅಳಿಯ ಜಗಲಿಯ ಮೇಲೆ ನಿಂತಿದ್ದ. ಅಂಗಿಯ ಜೇಬಿನಿಂದ ರೋಟರು ತೆಗೆದು ತೋರಿಸಿದ, ತೂತಿಲ್ಲದ ಜೇಬು. ತಲೆ ತಗ್ಗಿಸಿಕೊಂಡೇ ಹೇಳಿದ:

‘ಕಳ್ಳರ ಭಯಕ್ಕಲ್ಲ ಮಾವ. ಅತ್ತೆ ಕಿತ್ತಿಟ್ಕೊಳ್ಳಪ್ಪ ಅಂದ್ರು.’